ಎರಡು ಕ್ಯಾಲೆಂಡರ್, ಒಂದೇ ಬಿಡುವು

ಮೊಬೈಲಿನಲ್ಲಿ ಆಫೀಸಿನ ಖಾತೆ, ಸ್ವಂತ ಜಿಮೇಲ್ ಖಾತೆ ಎರಡನ್ನೂ ಸೇರಿಸಿದರೆ ಇಡೀ ವಾರ ಒಂದೇ ಪರದೆಯಲ್ಲಿ ಕಾಣುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಜೋಡಣೆ ಕಾಣುವುದು ನಿಮಗೆ ಮಾತ್ರ. ಮೀಟಿಂಗಿಗೆ ಎಲ್ಲರ ಬಿಡುವು ಹುಡುಕಲು ಸಹೋದ್ಯೋಗಿ ಗೂಗಲ್ ಕ್ಯಾಲೆಂಡರಿನಲ್ಲಿ ‘ಫೈಂಡ್ ಎ ಟೈಮ್’ ತೆರೆದರೂ ಮೈಕ್ರೋಸಾಫ್ಟ್‌ನ ಔಟ್‌ಲುಕ್‌ನಲ್ಲಿ ‘ಶೆಡ್ಯೂಲಿಂಗ್ ಅಸಿಸ್ಟೆಂಟ್’ ತೆರೆದರೂ ಅವರಿಗೆ ಸಿಗುವುದು ನಿಮ್ಮ ಆಫೀಸ್ ಖಾತೆಯ ಮುಖ್ಯ ಕ್ಯಾಲೆಂಡರ್. ಸಂಜೆ 5 ಗಂಟೆಯ ದಂತವೈದ್ಯರ ಅಪಾಯಿಂಟ್‌ಮೆಂಟ್ ಜಿಮೇಲ್ ಕ್ಯಾಲೆಂಡರಿನಲ್ಲಿದ್ದರೆ ಅವರ ಲೆಕ್ಕಕ್ಕೆ ನೀವು 5ಕ್ಕೆ ಬಿಡುವಾಗಿದ್ದೀರಿ. ಆಫೀಸ್ ಖಾತೆಯೊಳಗೇ ‘ಪರ್ಸನಲ್’ ಎಂದು ಎರಡನೇ ಕ್ಯಾಲೆಂಡರ್ ಮಾಡಿ ಅದರಲ್ಲಿ ಬರೆದರೂ ಗೂಗಲ್‌ನ ಹುಡುಕಾಟ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಸ್ವಂತ ಕೆಲಸದ ವಿವರವೆಲ್ಲ ಸ್ವಂತ ಕ್ಯಾಲೆಂಡರಿನಲ್ಲೇ ಇರಲಿ, ಅದು ನುಂಗುವ ಸಮಯದ ಗುರುತು ಮಾತ್ರ ಆಫೀಸಿನ ಮುಖ್ಯ ಕ್ಯಾಲೆಂಡರಿಗೆ ಹೋಗಲಿ.

ಮೊದಲು ನಿಮ್ಮ ಕಣ್ಣಿಗೆ ಎರಡೂ ಕಾಣುವಂತೆ ಮಾಡಿಕೊಳ್ಳಿ. ಆಫೀಸಿನದೂ ಗೂಗಲ್ ಖಾತೆಯಾದರೆ ದಾರಿ ಹೀಗೆ: ಹಂಚಿಕೆಯ ಸೆಟ್ಟಿಂಗ್ ಮೊಬೈಲ್ ಆ್ಯಪ್‌ನಲ್ಲಿ ಸಿಗುವುದಿಲ್ಲ, ಕಂಪ್ಯೂಟರಿನ ಬ್ರೌಸರಿನಲ್ಲೇ ಮಾಡಬೇಕು. ಸ್ವಂತ ಖಾತೆಯ ಕ್ಯಾಲೆಂಡರ್ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿ ‘ಸೆಟ್ಟಿಂಗ್ಸ್ ಆ್ಯಂಡ್ ಶೇರಿಂಗ್’ಗೆ ಹೋಗಿ, ನಿರ್ದಿಷ್ಟ ವ್ಯಕ್ತಿಗಳ ಜೊತೆ ಹಂಚುವ ಜಾಗದಲ್ಲಿ ನಿಮ್ಮದೇ ಆಫೀಸಿನ ಇಮೇಲ್ ಸೇರಿಸಿ, ಅನುಮತಿಯನ್ನು ‘ಸೀ ಓನ್ಲಿ ಫ್ರೀ/ಬ್ಯುಸಿ’ (ಬಿಡುವಿದೆಯೇ ಇಲ್ಲವೇ ಎಂದಷ್ಟೇ ಕಾಣುವುದು) ಎಂದು ಇಡಿ. ಆಫೀಸಿನ ಇನ್‌ಬಾಕ್ಸಿಗೆ ಬರುವ ಮೇಲ್‌ನಲ್ಲಿರುವ ಲಿಂಕ್ ಒತ್ತಿದ ಮೇಲಷ್ಟೇ ಅದು ಅಲ್ಲಿ ಕಾಣಿಸಿಕೊಳ್ಳುತ್ತದೆ. ಈ ಮೇಲನ್ನು ಕಾಣದೆ ‘ಹಂಚಿದೆ, ಬರಲಿಲ್ಲ’ ಎನ್ನುವವರು ಬಹಳ. ಆಫೀಸಿನದನ್ನು ಸ್ವಂತ ಖಾತೆಗೆ ತೋರಿಸುವಾಗಲೂ ಇದೇ ಅನುಮತಿ ಸಾಕು. ಅನೇಕ ಕಂಪನಿಗಳು ಹೊರಗಿನವರಿಗೆ ಇದಕ್ಕಿಂತ ಹೆಚ್ಚು ಹಂಚಲು ಬಿಡುವುದೂ ಇಲ್ಲ.

ಕಂಪನಿ ಔಟ್‌ಲುಕ್ ಬಳಸುತ್ತಿದ್ದು ನಿಮ್ಮದು ಜಿಮೇಲ್ ಆಗಿದ್ದರೆ, ಔಟ್‌ಲುಕ್‌ನ ವೆಬ್ ಆವೃತ್ತಿಯಲ್ಲಿ ‘ಆ್ಯಡ್ ಕ್ಯಾಲೆಂಡರ್’ ಒತ್ತಿ ‘ಆ್ಯಡ್ ಪರ್ಸನಲ್ ಕ್ಯಾಲೆಂಡರ್ಸ್’ ಇದೆಯೇ ನೋಡಿ. ಇದ್ದರೆ ನಿಮ್ಮ ಅದೃಷ್ಟ. ಸ್ವಂತ ಕಾರ್ಯಕ್ರಮಗಳು ಸಹೋದ್ಯೋಗಿಗಳಿಗೆ ವಿವರವಿಲ್ಲದೆ ‘ಬ್ಯುಸಿ’ ಎಂದಷ್ಟೇ ಕಾಣುತ್ತವೆ. ಐಟಿ ವಿಭಾಗ ಇದನ್ನು ಮುಚ್ಚಿಟ್ಟಿರುವ ಸಾಧ್ಯತೆಯೂ ಇದೆ.

ಆಗ ಜನ ಹಿಡಿಯುವ ದಾರಿ ಐಕ್ಯಾಲ್ ಲಿಂಕ್, ಅಂದರೆ ಒಂದು ಕ್ಯಾಲೆಂಡರನ್ನು ಬೇರೆ ಆ್ಯಪ್‌ಗಳು ಓದಬಲ್ಲ ವಿಳಾಸ. ಗೂಗಲ್ ಸೆಟ್ಟಿಂಗ್‌ನ ಕೊನೆಯಲ್ಲಿ ‘ಸೀಕ್ರೆಟ್ ಅಡ್ರೆಸ್’ ಎಂಬ ವಿಳಾಸ ಇರುತ್ತದೆ, ಅದನ್ನು ಔಟ್‌ಲುಕ್‌ಗೆ ಅಂಟಿಸಿದರೆ ಕ್ಯಾಲೆಂಡರ್ ಬಂದುಬಿಡುತ್ತದೆ. ಇದರ ತೊಂದರೆಗಳನ್ನು ತಿಳಿದೇ ಬಳಸಿ. ಆ ವಿಳಾಸ ಸಿಕ್ಕ ಯಾರಿಗೇ ಆದರೂ ಪಾಸ್‌ವರ್ಡ್ ಇಲ್ಲದೆ ಎಲ್ಲ ವಿವರ ಕಾಣುತ್ತದೆ. ಚಾಟ್‌ನಲ್ಲಿ ತಪ್ಪಿ ಕಳಿಸಿದರೆ ಕೂಡಲೇ ‘ರೀಸೆಟ್’ ಒತ್ತಿ ಹಳೆಯ ವಿಳಾಸವನ್ನು ಸಾಯಿಸಬೇಕು. ಬದಲಾವಣೆಗಳು ಕೂಡಲೇ ಬರುವುದಿಲ್ಲ. ಔಟ್‌ಲುಕ್ ಸುಮಾರು 3 ಗಂಟೆಗೊಮ್ಮೆ ಹೊಸದನ್ನು ತರಬೇಕು, ಆದರೆ 24 ಗಂಟೆ ಮೀರುವುದೂ ಉಂಟು ಎಂದು ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ. ಗೂಗಲ್ ಹೊರಗಿನ ಲಿಂಕನ್ನು ಓದಲು 12 ಗಂಟೆವರೆಗೆ ತೆಗೆದುಕೊಳ್ಳಬಹುದು. ಬೆಳಿಗ್ಗೆ ಬರೆದ ಮಧ್ಯಾಹ್ನದ ಕೆಲಸಕ್ಕೆ ಇದನ್ನು ನಂಬಿ ಕೂರಬೇಡಿ. ಜೊತೆಗೆ, ಹೀಗೆ ತಂದ ಕ್ಯಾಲೆಂಡರ್ ಕೂಡ ನಿಮ್ಮ ಕಣ್ಣಿಗಷ್ಟೇ. ಶೆಡ್ಯೂಲಿಂಗ್ ಅಸಿಸ್ಟೆಂಟ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ಆಫೀಸಿನ ಮುಖ್ಯ ಕ್ಯಾಲೆಂಡರಿನಲ್ಲಿ ಕೈಯಾರೆ ಬ್ಲಾಕ್ (ಆ ಹೊತ್ತು ಬಿಡುವಿಲ್ಲ ಎಂಬ ಗುರುತು) ಹಾಕುವುದೇ ಬಹುಪಾಲು ಜನರಿಗೆ ಒಳ್ಳೆಯದು. ಆಫೀಸ್ ವೇಳೆಗೆ ಅಡ್ಡ ಬರುವ ಸ್ವಂತ ಕೆಲಸ ವಾರಕ್ಕೆ ಎಷ್ಟಿದ್ದೀತು? ಭಾನುವಾರ ಸಂಜೆಯೋ ಸೋಮವಾರ ಬೆಳಿಗ್ಗೆಯೋ 10 ನಿಮಿಷ ಕೂತರೆ ಮುಗಿಯುತ್ತದೆ. ಶೀರ್ಷಿಕೆಯಲ್ಲಿ ‘ಬ್ಯುಸಿ’ ಎಂದಷ್ಟೇ ಬರೆಯಿರಿ, ಆಸ್ಪತ್ರೆಯ ಹೆಸರು, ಮಗುವಿನ ಶಾಲೆಯ ಹೆಸರು ಬೇಡ. ‘ಪ್ರೈವೇಟ್’ ಎಂದು ಗುರುತಿಸಿದರೂ, ನಿಮ್ಮ ಕ್ಯಾಲೆಂಡರನ್ನು ತಿದ್ದುವ ಅನುಮತಿ ಇರುವವರಿಗೆ ಗೂಗಲ್‌ನಲ್ಲಿ ಅದು ಪೂರ್ತಿ ಕಾಣುತ್ತದೆ. ಪ್ರಯಾಣದ ಹೊತ್ತನ್ನೂ ಬ್ಲಾಕಿಗೆ ಸೇರಿಸಿ. 5 ಗಂಟೆಗೆ ಜಯನಗರದಲ್ಲಿ ಇರಬೇಕಾದವರು ವೈಟ್‌ಫೀಲ್ಡಿನಿಂದ 4:45ಕ್ಕೆ ಹೊರಟರೆ ಆಗುವ ಮಾತೇ? ಸ್ವಂತ ಕೆಲಸ ರದ್ದಾದಾಗ ಈ ಬ್ಲಾಕ್ ತಾನಾಗಿ ಹೋಗುವುದಿಲ್ಲ, ಅಳಿಸುವುದೂ ನಿಮ್ಮದೇ ಕೆಲಸ.

ಇಡೀ ದಿನದ ರಜೆ ಹಾಕುವಾಗ ಒಂದು ವಿಷಯ ಗಮನಿಸಿ. ಔಟ್‌ಲುಕ್‌ನಲ್ಲಿ ‘ಆಲ್ ಡೇ’ ಎಂದು ಆರಿಸಿದ ಕೂಡಲೇ ಸ್ಥಿತಿ ‘ಫ್ರೀ’ ಆಗಿಬಿಡುತ್ತದೆ. ತಲೆಬರಹದಲ್ಲಿ ರಜೆ ಎಂದಿದ್ದರೂ ಹುಡುಕುವವರಿಗೆ ದಿನವೆಲ್ಲ ಬಿಡುವೇ ಬಿಡುವು. ಕೈಯಿಂದ ‘ಔಟ್ ಆಫ್ ಆಫೀಸ್’ ಎಂದು ಬದಲಿಸಬೇಕು. ಗೂಗಲ್‌ನಲ್ಲೂ ‘ಬ್ಯುಸಿ’ ಇದೆಯೇ ಎಂದು ಒಮ್ಮೆ ನೋಡಿ. ಆಫೀಸಿನ ಗೂಗಲ್ ಖಾತೆಯಾದರೆ ‘ಔಟ್ ಆಫ್ ಆಫೀಸ್’ ಎಂಬ ಬೇರೆಯೇ ಬಗೆ ಇದ್ದು, ಆ ಹೊತ್ತಿಗೆ ಬರುವ ಆಹ್ವಾನಗಳನ್ನು ತಾನೇ ನಿರಾಕರಿಸುವಂತೆ ಮಾಡಬಹುದು. ಭಾರತದ ರಜೆಗಳ ಸಿದ್ಧ ಕ್ಯಾಲೆಂಡರ್ ಸೇರಿಸಿಕೊಂಡ ಮಾತ್ರಕ್ಕೆ ಯುಗಾದಿಯ ದಿನ ನಿಮ್ಮ ಸಮಯ ಮುಚ್ಚುವುದಿಲ್ಲ, ಅದಕ್ಕೂ ಇದೇ ಕೆಲಸ ಮಾಡಬೇಕು.

ಬೆಂಗಳೂರಿನಲ್ಲಿ ಕೂತು ಅಮೆರಿಕ, ಯುರೋಪಿನವರೊಂದಿಗೆ ಕೆಲಸ ಮಾಡುವವರಿಗೆ ದೊಡ್ಡ ತಲೆನೋವು ವರ್ಷಕ್ಕೆರಡು ಬಾರಿ ಬರುತ್ತದೆ. ನಮ್ಮ ಗಡಿಯಾರ ಬದಲಾಗುವುದಿಲ್ಲ, ಅವರದು ಬೇಸಿಗೆಗೆ ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಮತ್ತೆ ಹಿಂದೆ ಹೋಗುತ್ತದೆ. ಸರಣಿ ಮೀಟಿಂಗ್ ಯಾವ ಕಾಲವಲಯದಲ್ಲಿ ಹುಟ್ಟಿತೋ ಆ ವಲಯಕ್ಕೇ ಅಂಟಿಕೊಂಡಿರುತ್ತದೆ. ನ್ಯೂಯಾರ್ಕಿನವರು ತಮ್ಮ ಬೆಳಿಗ್ಗೆ 10ಕ್ಕೆ ಇಟ್ಟ ಕಾಲ್ ಬೇಸಿಗೆಯಲ್ಲಿ ನಮಗೆ ರಾತ್ರಿ 7:30, ಚಳಿಗಾಲದಲ್ಲಿ 8:30. ನಿಮ್ಮ 8:30ರ ಊಟದ ಬ್ಲಾಕ್ ಭಾರತದ ಸಮಯಕ್ಕೆ ನಿಂತಿರುವುದರಿಂದ ಅದು ಕದಲುವುದಿಲ್ಲ. ನವೆಂಬರಿನಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ. ಅಮೆರಿಕದಲ್ಲಿ ಬದಲಾವಣೆ ಮಾರ್ಚಿನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ; ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. 2026ರಲ್ಲಿ ಅದು ಅಮೆರಿಕಕ್ಕೆ ಮಾರ್ಚ್ 8 ಮತ್ತು ನವೆಂಬರ್ 1, ಯುರೋಪಿಗೆ ಮಾರ್ಚ್ 29 ಮತ್ತು ಅಕ್ಟೋಬರ್ 25. ಅಂದರೆ ಮಾರ್ಚಿನಲ್ಲಿ ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ಲಂಡನ್‌ಗೂ ನ್ಯೂಯಾರ್ಕಿಗೂ ಎಂದಿನ 5 ಗಂಟೆಯ ಬದಲು 4 ಗಂಟೆಯ ಅಂತರ. ಮೂರೂ ಊರಿನವರು ಸೇರುವ ಕಾಲ್ ಆ ವಾರಗಳಲ್ಲಿ ಯಾರಿಗಾದರೂ ಒಬ್ಬರಿಗೆ ಏರುಪೇರಾಗುತ್ತದೆ. ಈ ನಾಲ್ಕು ದಿನಾಂಕಗಳಿಗೆ ಹಿಂದಿನ ವಾರವೇ ಜ್ಞಾಪನೆ ಹಾಕಿ, ಮುಂದಿನ ಎರಡು ವಾರಗಳನ್ನು ತೆರೆದು ನೋಡಿ. ಸೆಟ್ಟಿಂಗ್‌ನಲ್ಲಿ ಎರಡನೇ ಕಾಲವಲಯ ತೋರಿಸುವ ಆಯ್ಕೆಯೂ ಇದೆ, ಖಂಡಿತ ಹಾಕಿಕೊಳ್ಳಿ.

ಬ್ಲಾಕ್‌ಗಳನ್ನು ತಾನಾಗಿ ನಕಲಿಸುವ ಸಿಂಕ್ ಸೇವೆಗಳು ಸಿಗುತ್ತವೆ, ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೂ ಮಾಡಬಹುದು. ವಾರಕ್ಕೆ ಹತ್ತಿಪ್ಪತ್ತು ಸ್ವಂತ ಅಪಾಯಿಂಟ್‌ಮೆಂಟ್ ಇರುವವರಿಗೆ ಅದು ಬೇಕಾದೀತು. ಆದರೆ ಒಂದೇ ದಿಕ್ಕಿನಲ್ಲಿ ಇಡಿ, ಸ್ವಂತದಿಂದ ಆಫೀಸಿಗೆ ಮಾತ್ರ. ಎರಡೂ ದಿಕ್ಕಿಗೆ ಬಿಟ್ಟರೆ ಇಲ್ಲಿಂದ ಹೋದ ನಕಲನ್ನು ಅಲ್ಲಿಯದು ಹೊಸ ಕಾರ್ಯಕ್ರಮವೆಂದು ತಿಳಿದು ವಾಪಸ್ ಕಳಿಸುತ್ತದೆ, ‘ಬ್ಯುಸಿ’ಯ ಮೇಲೆ ‘ಬ್ಯುಸಿ’ ಬೆಳೆಯುತ್ತದೆ. ಸ್ಕ್ರಿಪ್ಟ್ ಬರೆಯುವವರು ತಾವು ಹುಟ್ಟಿಸಿದ ಬ್ಲಾಕಿನ ವಿವರಣೆಯಲ್ಲಿ ಒಂದು ಗುರುತು ಹಾಕಿ, ಆ ಗುರುತಿದ್ದುದನ್ನು ಓದದೆ ಬಿಡುವಂತೆ ಮಾಡಬೇಕು. ಹೊರಗಿನ ಸೇವೆಗೆ ಆಫೀಸ್ ಕ್ಯಾಲೆಂಡರ್ ಓದುವ ಅನುಮತಿ ಕೊಡುವ ಮೊದಲು ಐಟಿಯವರನ್ನು ಕೇಳಿ. ಮೀಟಿಂಗ್ ಶೀರ್ಷಿಕೆಗಳಲ್ಲಿ ಗ್ರಾಹಕರ ಹೆಸರುಗಳಿರುತ್ತವೆ.

ಇನ್ನು ಫೋನಿನ ಮಾತು. ಐಫೋನ್‌ನಲ್ಲಿ ಕ್ಯಾಲೆಂಡರ್ ಸೆಟ್ಟಿಂಗ್‌ನ ‘ಡೀಫಾಲ್ಟ್ ಕ್ಯಾಲೆಂಡರ್’ ಸ್ವಂತದ್ದೇ ಇರಲಿ, ಇಲ್ಲದಿದ್ದರೆ ಅವಸರದಲ್ಲಿ ಬರೆದದ್ದು ಆಫೀಸಿನದಕ್ಕೆ ಹೋಗಿ ಕೂರುತ್ತದೆ. ಒಂದೇ ಮೀಟಿಂಗಿಗೆ ಎರಡು ಸಲ ಗಂಟೆ ಬಾರಿಸುತ್ತಿದ್ದರೆ ನಕಲಾಗಿ ಬಂದ ಕ್ಯಾಲೆಂಡರಿನ ನೋಟಿಫಿಕೇಶನ್ ತೆಗೆದುಹಾಕಿ. ಕೆಲಸ ಬಿಡುವವರಿಗೆ ಇನ್ನೊಂದು ಮಾತು: ಆಫೀಸ್ ಖಾತೆ ಮುಚ್ಚಿದ ದಿನ ಅದರಲ್ಲಿ ಬರೆದದ್ದೆಲ್ಲ ಕೈತಪ್ಪುತ್ತದೆ. ಲಸಿಕೆಯ ತಾರೀಖು, ವಿಮೆಯ ಕಂತಿನ ದಿನ ಅಲ್ಲೇನಾದರೂ ಉಳಿದಿದ್ದರೆ ನೋಟಿಸ್ ಅವಧಿಯಲ್ಲೇ ಸ್ವಂತ ಕ್ಯಾಲೆಂಡರಿಗೆ ಬರೆದುಕೊಳ್ಳಿ.