"ಅಕ್ಕಾ, ಹೊಸ ವರ್ಷನ್ ಬಂದಿದೆ, ಅಪ್‌ಡೇಟ್ ಮಾಡಲಾ?"

ತಿಂಗಳಿಗೆ ನಾಲ್ಕೈದು ಜನರಾದರೂ ಇದನ್ನು ಕೇಳುತ್ತಾರೆ. ಮದುವೆ ವಿಡಿಯೊ ಮಾಡುವ ಹುಡುಗರು, ಯೂಟ್ಯೂಬ್ ಚಾನೆಲ್‌ನವರು, ಮೊದಲ ಕಿರುಚಿತ್ರ ಕಟ್ ಮಾಡುತ್ತಿರುವವರು. ಫೋನ್ ಬರುವುದು ಸಾಮಾನ್ಯವಾಗಿ ರಾತ್ರಿ ಹತ್ತರ ಮೇಲೆ. "ಅಕ್ಕಾ, ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹೊಸ ವರ್ಷನ್ ಬಂದಿದೆ. ಅರ್ಧ ಪ್ರಾಜೆಕ್ಟ್ ಆಗಿದೆ. ಈಗಲೇ ಹಾಕಿಕೊಳ್ಳಲಾ, ಮುಗಿಸಿಕೊಂಡು ಹಾಕಿಕೊಳ್ಳಲಾ?"

ಮುಗಿಸಿಕೊಂಡು ಹಾಕಿಕೊಳ್ಳಿ. ಎಲ್ಲರಿಗೂ ಹೇಳುವುದು ಇದನ್ನೇ. ಆದರೆ ಕಾರಣ ಗೊತ್ತಿಲ್ಲದಿದ್ದರೆ ಈ ಮಾತು ಬರೀ ಹೆದರಿಕೆಯ ಹಾಗೆ ಕೇಳುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹೊಸ ವರ್ಷನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದೇ ಚೆನ್ನಾಗಿರುತ್ತದೆ. ತೊಂದರೆ ಏನೆಂದರೆ, ಪ್ರಾಜೆಕ್ಟ್ ಫೈಲ್ ಒಂದು ಸಲ ಹೊಸದಕ್ಕೆ ಹೋದರೆ ಹಿಂದಕ್ಕೆ ಬರುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ಗಳನ್ನೇ ಒಂದೊಂದಾಗಿ ನೋಡಿ. ಪ್ರೀಮಿಯರ್ ಪ್ರೊದಲ್ಲಿ ಹಳೆಯ ಪ್ರಾಜೆಕ್ಟ್ ತೆರೆದರೆ ಅದನ್ನು ಬದಲಾಯಿಸಿ ಬೇರೆ ಹೆಸರಲ್ಲಿ ಉಳಿಸಲು ಕೇಳುತ್ತದೆ. ಆ ಹೊಸ ಫೈಲನ್ನು ಹಳೆಯ ಪ್ರೀಮಿಯರ್ ಮುಟ್ಟುವುದಿಲ್ಲ. ಫೈನಲ್ ಕಟ್ ಪ್ರೊದಲ್ಲಿ ಪ್ರಾಜೆಕ್ಟ್‌ಗಳನ್ನು ಇಡುವ ಇಡೀ ಲೈಬ್ರರಿಯೇ ಹೊಸದಾಗುತ್ತದೆ. ಡಾವಿಂಚಿ ರಿಸಾಲ್ವ್ ಪ್ರಾಜೆಕ್ಟ್‌ಗಳೆಲ್ಲ ಇರುವ ಡೇಟಾಬೇಸನ್ನೇ ಅಪ್‌ಗ್ರೇಡ್ ಮಾಡಲಾ ಅಂತ ಕೇಳುತ್ತದೆ. ಹೂಂ ಅಂದರೆ ಅದರೊಳಗೆ ಇರುವ ಬೇರೆ ಪ್ರಾಜೆಕ್ಟ್‌ಗಳೂ ಜೊತೆಗೇ ಹೊಸದಕ್ಕೆ ಹೋಗುತ್ತವೆ. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲೂ 20.08 ವರ್ಷನ್ ಬಂದಾಗ ಫೈಲಿನ ರೀತಿ ಬದಲಾಯಿತು, ಅದರಲ್ಲಿ ಉಳಿಸಿದ್ದನ್ನು ಹಿಂದಿನವು ತೆರೆಯುತ್ತಿರಲಿಲ್ಲ.

"ಎಕ್ಸ್‌ಎಂಎಲ್ ತೆಗೆದುಕೊಂಡು ಹಿಂದೆ ಬರಬಹುದಲ್ವಾ?" ಅಂತ ಕೆಲವರು ಕೇಳುತ್ತಾರೆ. ಎಕ್ಸ್‌ಎಂಎಲ್ ಅಂದರೆ ಟೈಮ್‌ಲೈನನ್ನು ಬರಹದ ರೂಪದಲ್ಲಿ ಬರೆದಿಡುವ ಫೈಲ್. ಬರಬಹುದು. ಕಟ್‌ಗಳು ಬರುತ್ತವೆ. ಟೈಟಲ್, ಎಫೆಕ್ಟ್, ಕಲರ್ ಪೂರ್ತಿಯಾಗಿ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಬೆಂಗಳೂರು ಕರಗದ ಮೇಲೆ ಮಾಡಿದ ಒಂದು ಸಾಕ್ಷ್ಯಚಿತ್ರದಲ್ಲಿ. 24 ನಿಮಿಷದ್ದು. ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆ ಬೀದಿಗಳಲ್ಲಿ ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ದೆವು. ಎಡಿಟ್ ಲಾಕ್ ಆಗಿ, ಅಂದರೆ ಇನ್ನು ಕಟ್ ಬದಲಾಗುವುದಿಲ್ಲ ಅಂತ ತೀರ್ಮಾನವಾಗಿ, ಅದು ಸೌಂಡ್ ಮಾಡುವವರ ಕೈಗೆ ಹೋಗಿತ್ತು. ನನಗೆ ಉಳಿದದ್ದು ಟೈಟಲ್ ಮತ್ತು ಸ್ವಲ್ಪ ಕ್ಲೀನಿಂಗ್ ಮಾತ್ರ. ಆ ವಾರವೇ ಹೊಸ ವರ್ಷನ್ ಬಂತು. ರಾತ್ರಿ ಶೂಟ್ ಆದ್ದರಿಂದ ಚಿತ್ರದಲ್ಲಿ ಕಾಳುಕಾಳು ಜಾಸ್ತಿ ಇತ್ತು, ಹೊಸದರಲ್ಲಿ ಅದನ್ನು ತೆಗೆಯುವ ವ್ಯವಸ್ಥೆ ಚೆನ್ನಾಗಿದೆ ಅಂತ ಓದಿದ್ದೆ. ಮಲಗುವ ಮುಂಚೆ ಅಪ್‌ಡೇಟ್ ಒತ್ತಿದೆ.

ಬೆಳಿಗ್ಗೆ ಪ್ರಾಜೆಕ್ಟ್ ತೆರೆದುಕೊಂಡಿತು. ಎಲ್ಲ ಸರಿಯಾಗಿಯೇ ಕಂಡಿತು. ಮೊದಲ ಟೈಟಲ್ ಬರುವವರೆಗೆ. "ಧರ್ಮರಾಯಸ್ವಾಮಿ ದೇವಸ್ಥಾನ" ಅಂತ ಇರಬೇಕಾದ ಕಡೆ "ಧರ್‌ಮರಾಯಸ್‌ವಾಮಿ ದೇವಸ್‌ಥಾನ" ಅಂತ ಇತ್ತು. ಅರ್ಕಾವತ್ತು ಹೋಗಿತ್ತು. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಂತಿದ್ದವು. ಅಂಥ ಟೈಟಲ್‌ಗಳು 31. ಇಂಗ್ಲಿಷ್‌ನಲ್ಲಿ ಕೆಲಸ ಮಾಡುವವರಿಗೆ ಈ ತಾಪತ್ರಯ ಗೊತ್ತೇ ಇರುವುದಿಲ್ಲ. ನಮ್ಮ ಅಕ್ಷರ ಒಂದರ ಕೆಳಗೊಂದು ಕೂರುತ್ತದೆ. ಅದನ್ನು ಕೂರಿಸುವ ಕೆಲಸ ಸಾಫ್ಟ್‌ವೇರ್ ಒಳಗಿನ ಟೆಕ್ಸ್ಟ್ ಎಂಜಿನ್‌ದು. ಅದು ಬದಲಾದರೆ ಮೊದಲು ಏಟು ತಿನ್ನುವುದು ಕನ್ನಡವೇ.

ಟೈಟಲ್ ಕಣ್ಣಿಗೆ ಕಾಣುವ ತಪ್ಪು, ಕೂತು ತಿದ್ದಿದೆ. ಇನ್ನೊಂದು ಕಾಣಲಿಲ್ಲ.

ಎರಡು ದಿನ ಬಿಟ್ಟು ಸೌಂಡ್‌ನವರ ಫೋನ್. "ಮೇಡಂ, ಅಲಗು ಸೇವೆ ಜಾಗದಲ್ಲಿ ಕತ್ತಿ ಆಮೇಲೆ ತಾಗ್ತಿದೆ, ಶಬ್ದ ಮೊದಲೇ ಬರ್ತಿದೆ. ಕಟ್ ಏನಾದ್ರೂ ಬದಲಾಯಿಸಿದ್ರಾ?" ನಾನು ಒಂದು ಕಟ್ಟನ್ನೂ ಮುಟ್ಟಿರಲಿಲ್ಲ. ವೀರಕುಮಾರರು ಎದೆಗೆ ಕತ್ತಿ ತಾಗಿಸುವ ಆ ಶಾಟ್ ಅನ್ನು ನಾನು ಸ್ಲೋ ಮೋಷನ್‌ಗೆ ಇಳಿಸಿದ್ದೆ. ವೇಗ ನಿಧಾನವಾಗಿ ಇಳಿದು ಮತ್ತೆ ಏರುವ ಹಾಗೆ. ಹೊಸ ವರ್ಷನ್ ಆ ಇಳಿತವನ್ನು ಬೇರೆ ಲೆಕ್ಕದಲ್ಲಿ ಹಾಕಿತ್ತು. ಕತ್ತಿ ತಾಗುವ ಗಳಿಗೆ 6 ಫ್ರೇಮ್ ಮುಂದೆ ಹೋಗಿತ್ತು. ಸೆಕೆಂಡಿಗೆ 25 ಫ್ರೇಮ್ ಅಂದರೆ ಸುಮಾರು ಕಾಲು ಸೆಕೆಂಡ್. ಆ ಮನುಷ್ಯ ಒಂದೊಂದು ಏಟಿಗೂ ಶಬ್ದ ಕೂರಿಸಿದ್ದರು. ಎಲ್ಲ ತಪ್ಪಿತ್ತು.

ನನಗೆ ಬಹಳ ನೋವಾದದ್ದು ಅಲ್ಲಿ. ನನ್ನ ಕೆಲಸ ಕೆಟ್ಟರೆ ನಾನು ತಿದ್ದಿಕೊಳ್ಳುತ್ತೇನೆ. ಲಾಕ್ ಅಂತ ಹೇಳಿ ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಅದು ಮಾತು ಕೊಟ್ಟ ಹಾಗೆ. ಸೌಂಡ್‌ನವರು, ಡಿಐ (ಕೊನೆಯಲ್ಲಿ ಬಣ್ಣ ತಿದ್ದುವ ಕೆಲಸ) ಮಾಡುವವರು, ಸಬ್‌ಟೈಟಲ್ ಬರೆಯುವವರು ಎಲ್ಲರೂ ಅದೇ ಕಟ್ಟನ್ನು ನಂಬಿ ಕೂತಿರುತ್ತಾರೆ.

ಉಳಿಸಿದ್ದು ಒಂದೇ ಒಂದು ಅಭ್ಯಾಸ. ಲಾಕ್ ಆದ ದಿನ, ಚಿತ್ರದ ಮೇಲೆ ಟೈಮ್‌ಕೋಡ್ ಅಂಕಿ ಕಾಣಿಸದ ಒಂದು ಪೂರ್ತಿ ಎಕ್ಸ್‌ಪೋರ್ಟ್ ತೆಗೆದು ಇಟ್ಟಿದ್ದೆ. ಅದನ್ನು ಹೊಸ ಟೈಮ್‌ಲೈನ್‌ನ ಮೇಲಿನ ಟ್ರ್ಯಾಕಿಗೆ ಹಾಕಿ, ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ ತಿರುಗಿಸಿದೆ. ಎರಡೂ ಒಂದೇ ಇದ್ದ ಕಡೆ ಪರದೆ ಕಪ್ಪಾಗುತ್ತದೆ. ವ್ಯತ್ಯಾಸ ಇದ್ದ ಕಡೆ ಮಾತ್ರ ಆಕಾರ ಮೂಡುತ್ತದೆ. 24 ನಿಮಿಷ ಕತ್ತಲೆಯನ್ನೇ ನೋಡುತ್ತಾ ಕೂತೆ. ಮಧ್ಯೆ ಮಧ್ಯೆ ಬೂದು ಗೆರೆಯಲ್ಲಿ ಒಂದು ಕೈ, ಒಂದು ಕತ್ತಿಯ ಅಂಚು, ಮಲ್ಲಿಗೆ ದಂಡೆಯ ಒಂದು ಬದಿ. ಹಾಗೆ ಏಳು ಕಡೆ ಸಿಕ್ಕಿತು. ಏಳನ್ನೂ ಕೈಯಲ್ಲೇ ಹಿಂದಿನ ಜಾಗಕ್ಕೆ ತಂದೆ. ಒಟ್ಟು ನಾಲ್ಕು ದಿನ ಹೋಯಿತು.

ಹಾಗಾದರೆ ನಡುವೆ ಅಪ್‌ಡೇಟ್ ಮಾಡಲೇಬೇಕಾದ ಸಂದರ್ಭ ಇಲ್ವಾ? ಇದೆ. ನಿಮ್ಮ ಕೆಲಸ ನಿಲ್ಲಿಸಿರುವ ಒಂದು ದೋಷ ಇದ್ದು, ಅದನ್ನೇ ಸರಿಪಡಿಸಿದ್ದೇವೆ ಅಂತ ಹೊಸ ವರ್ಷನ್ನಿನ ಟಿಪ್ಪಣಿಯಲ್ಲಿ ಬರೆದಿದ್ದರೆ ಮಾಡಿ. ಅದರಲ್ಲೂ ದೊಡ್ಡ ಅಂಕಿ ಬದಲಾಗುವ ಅಪ್‌ಡೇಟ್ ಬೇರೆ, ಚುಕ್ಕಿಯ ಆಚೆಗಿನ ಕೊನೆಯ ಅಂಕಿ ಬದಲಾಗುವುದು ಬೇರೆ. ಎರಡನೆಯದು ಸಾಮಾನ್ಯವಾಗಿ ಬರೀ ರಿಪೇರಿ. ಹೊಸ ಕ್ಯಾಮೆರಾದ ಫೈಲ್ ತೆರೆಯುತ್ತಿಲ್ಲ ಅನ್ನುವುದಕ್ಕೆ ಅಪ್‌ಡೇಟ್ ಬೇಡ. ಆ ಫುಟೇಜನ್ನು ಬೇರೆ ಮಷೀನಿನಲ್ಲಿ ಪ್ರೋರೆಸ್‌ಗೋ ಡಿಎನ್‌ಎಕ್ಸ್‌ಎಚ್‌ಆರ್‌ಗೋ, ಅಂದರೆ ಎಡಿಟಿಂಗ್‌ಗೆ ಒಗ್ಗುವ ಫೈಲ್ ರೂಪಕ್ಕೆ, ಬದಲಾಯಿಸಿಕೊಂಡು ತಂದರೆ ಮುಗಿಯಿತು.

ಮಾಡುವುದಾದರೆ ಹಳೆಯದನ್ನು ಮೊದಲು ಭದ್ರ ಮಾಡಿ. ರಿಸಾಲ್ವ್ ಆದರೆ ಡೇಟಾಬೇಸ್ ಬ್ಯಾಕಪ್ ತೆಗೆದು, ಪ್ರಾಜೆಕ್ಟನ್ನೂ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಡಿಸ್ಕಿಗೆ ಹಾಕಿ. ಪ್ರೀಮಿಯರ್ ಆದರೆ ಅಪ್‌ಡೇಟ್ ಮಾಡುವಾಗ ಹಳೆಯ ವರ್ಷನ್ ತೆಗೆದುಹಾಕು ಅನ್ನುವ ಟಿಕ್ ಇರುತ್ತದೆ, ಆ ಟಿಕ್ ತೆಗೆಯಿರಿ. ಎರಡೂ ಪಕ್ಕಪಕ್ಕದಲ್ಲೇ ಇರಬಹುದು. ಫೈನಲ್ ಕಟ್ ಆದರೆ ಹಳೆಯ ಆ್ಯಪನ್ನೇ ಜಿಪ್ ಮಾಡಿ ಇಟ್ಟುಕೊಳ್ಳಿ, ಲೈಬ್ರರಿಯ ನಕಲು ತೆಗೆದು ನಕಲನ್ನು ಮಾತ್ರ ಹೊಸದರಲ್ಲಿ ತೆರೆಯಿರಿ. ಆಮೇಲೆ ಡಿಫರೆನ್ಸ್ ಹಾಕಿ ನೋಡಿ. ಹೊರಗಿನಿಂದ ಸೇರಿಸಿಕೊಂಡ ಪ್ಲಗಿನ್ ಒಂದೊಂದೂ ತೆರೆದು ನೋಡಿ. ಕನ್ನಡದ ಟೈಟಲ್ ಇದ್ದರೆ ಪ್ರೀಮಿಯರ್‌ನ ಗ್ರಾಫಿಕ್ಸ್ ಪ್ರಿಫರೆನ್ಸಸ್‌ನಲ್ಲಿ ಟೆಕ್ಸ್ಟ್ ಎಂಜಿನ್ 'ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್' ಅಂತಲೇ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಯುನಿಕೋಡ್ ಅಲ್ಲದೆ ಟೈಪ್ ಮಾಡಿದ ಟೈಟಲ್ ಇದ್ದರೆ ಆ ಫಾಂಟ್ ತಪ್ಪಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಥವನ್ನು ಮೊದಲೇ ಚಿತ್ರವಾಗಿ ತೆಗೆದು ಇಡುವುದು ವಾಸಿ.

ಇನ್ನೊಂದು ಮಾತು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. 2019ರಲ್ಲಿ ಮ್ಯಾಕ್‌ಗೆ ಕ್ಯಾಟಲಿನಾ ಅನ್ನುವ ಹೊಸ ಸಿಸ್ಟಮ್ ಬಂದಾಗ ಹಳೆಯ ರೀತಿಯ 32 ಬಿಟ್ ಆ್ಯಪ್‌ಗಳೆಲ್ಲ ಒಂದೇ ಸಲ ನಿಂತವು. ಎಡಿಟಿಂಗ್ ಸಾಫ್ಟ್‌ವೇರ್ ಮುಟ್ಟದೇ ಇದ್ದವರಿಗೂ ಹಳೆಯ ಪ್ಲಗಿನ್, ವಿಡಿಯೊ ಫೈಲ್ ಓದಿಸುವ ಹಳೆಯ ಕೋಡೆಕ್ ಹೋದವು. ಅದಕ್ಕೂ ಹಿಂದೆ, 2011ರ ಜೂನ್‌ನಲ್ಲಿ ಫೈನಲ್ ಕಟ್ ಪ್ರೊ ಎಕ್ಸ್ ಬಂದಾಗ ಹಿಂದಿನ ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳನ್ನು ಅದು ತೆರೆಯಲೇ ಇಲ್ಲ. ಹಾಗಾಗಿ ಆಟೊ ಅಪ್‌ಡೇಟ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇವತ್ತೇ ಆಫ್ ಮಾಡಿ.

ಕಳೆದ ವಾರ ಕೇಳಿದ ಹುಡುಗನ ಕಿರುಚಿತ್ರ ಇನ್ನೂ ಡಿಐನಲ್ಲಿದೆ. ಅದು ಅವನ ಕೈ ಬಿಟ್ಟ ಮಾರನೇ ದಿನ ಇಬ್ಬರೂ ಕೂತು ಅಪ್‌ಡೇಟ್ ಮಾಡೋಣ ಅಂತ ಮಾತಾಗಿದೆ. ಬರುವಾಗ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಒಂದು ಹಾರ್ಡ್ ಡಿಸ್ಕ್ ತಗೊಂಡು ಬಾ ಅಂದಿದ್ದೇನೆ.