ಎರಡು ದಿನದ ಕೆಲಸ ಅಂದುಕೊಂಡಿದ್ದ ಡೂಪ್ಲಿಕೇಟ್ ಬಟನ್

ಕಟ್ಟಡದ ಎಸ್ಟಿಮೇಟ್ ಹಾಕುವ ಸಾಫ್ಟ್‌ವೇರ್ ಒಂದಕ್ಕೆ ಡಿಸೈನ್ ಮಾಡುವುದು ನನ್ನ ಕೆಲಸ. ಬಳಸುವವರಿಂದ ತುಂಬಾ ದಿನದಿಂದ ಒಂದೇ ಬೇಡಿಕೆ ಬರುತ್ತಿತ್ತು. ಒಂದು ಮಹಡಿಯ ಲೆಕ್ಕವೆಲ್ಲ ಬರೆದಾದ ಮೇಲೆ ಅದನ್ನೇ ಮೇಲಿನ ಮಹಡಿಗೂ ಎತ್ತಿ ಹಾಕುವ ಹಾಗಿರಬೇಕು. ನ್ಯಾಯವಾದ ಬೇಡಿಕೆಯೇ. ನೂರಾರು ಐಟಂ ಮತ್ತೆ ಮತ್ತೆ ಬರೆಯಲು ಯಾರಿಗೆ ಬೇಕು? ಎಷ್ಟು ದಿನ ಬೇಕು ಅಂತ ಕೇಳಿದಾಗ ನಾನು ಎರಡು ದಿನ ಅಂದೆ. ಎಸ್ಟಿಮೇಟ್ ಸಾಫ್ಟ್‌ವೇರ್ ಮಾಡುವವರ ಎಸ್ಟಿಮೇಟ್ ಹೀಗಿರುತ್ತೆ ನೋಡಿ.

ಎರಡು ದಿನದಲ್ಲಿ ಬಟನ್ ಬಂತು ಕೂಡ. ಟೆಸ್ಟ್ ಮಾಡಿದೆವು. ಮೊದಲ ಮಹಡಿಯ ಮೊತ್ತಕ್ಕೂ ನಕಲು ಮಹಡಿಯ ಮೊತ್ತಕ್ಕೂ ಒಂದು ಪೈಸೆ ವ್ಯತ್ಯಾಸ ಇಲ್ಲ. ಸರಿ, ಬಿಡುಗಡೆ ಮಾಡಿಬಿಟ್ಟೆವು.

ಸ್ವಲ್ಪ ದಿನಕ್ಕೆ ಒಬ್ಬ ಎಸ್ಟಿಮೇಟರ್ ಫೋನ್ ಮಾಡಿದರು. 'ಮೇಲಿನ ಮಹಡಿಯಲ್ಲಿ ಬಾಗಿಲು ದೊಡ್ಡದು ಮಾಡಿದೀನಿ, ಗೋಡೆ ಲೆಕ್ಕ ಅಲ್ಲಾಡ್ತಾನೇ ಇಲ್ಲ' ಅಂದರು. ಅವರ ಫೈಲ್ ತೆಗೆದು ನೋಡಿದೆ. ಗೋಡೆ 4 ಮೀಟರ್ ಉದ್ದ, 3 ಮೀಟರ್ ಎತ್ತರ. ಅಂದರೆ 12 ಚದರ ಮೀಟರ್. ಅದರಲ್ಲಿ 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲು. ಅದನ್ನು ಕಳೆದರೆ 9.9. ಮೇಲಿನ ಮಹಡಿಯಲ್ಲಿ ಅವರು ಬಾಗಿಲನ್ನು 2 ಮೀಟರ್ ಅಗಲ ಮಾಡಿದ್ದರು. ಹಾಗಾಗಿ 4.2 ಕಳೆದು 7.8 ಬರಬೇಕಿತ್ತು. ಸ್ಕ್ರೀನ್ ಮೇಲೆ 9.9 ಹಾಗೇ ಕೂತಿತ್ತು.

ಆಗಿದ್ದು ಇಷ್ಟೇ. ಗೋಡೆಯ ಲೆಕ್ಕದಲ್ಲಿ 'ಇಷ್ಟನೇ ನಂಬರಿನ ಬಾಗಿಲನ್ನು ಕಳೆ' ಅಂತ ಬರೆದಿರುತ್ತೆ. ನಾವು ಗೋಡೆಯನ್ನೂ ನಕಲು ಮಾಡಿದೆವು, ಬಾಗಿಲನ್ನೂ ನಕಲು ಮಾಡಿದೆವು. ಹೊಸ ಬಾಗಿಲಿಗೆ ಹೊಸ ನಂಬರ್ ಬಂತು. ಆದರೆ ಹೊಸ ಗೋಡೆ ಇನ್ನೂ ಕೆಳಗಿನ ಮಹಡಿಯ ಹಳೇ ಬಾಗಿಲನ್ನೇ ನೋಡುತ್ತಿತ್ತು. ಕೆಳಗಿನ ಬಾಗಿಲು ಬದಲಿಸಿದರೆ ಎರಡೂ ಮಹಡಿಯ ಗೋಡೆ ಬದಲಾಗುತ್ತಿತ್ತು. ಮೇಲಿನದನ್ನು ಬದಲಿಸಿದರೆ ಏನೂ ಆಗುತ್ತಿರಲಿಲ್ಲ.

ನನಗೆ ಹೆಚ್ಚು ಕಾಡಿದ್ದು ತಪ್ಪಿಗಿಂತ ನಮ್ಮ ಟೆಸ್ಟ್. ನಕಲು ಮಾಡಿದ ಗಳಿಗೆಯಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. ಎರಡೂ ಬಾಗಿಲು ಒಂದೇ ಅಳತೆ, ಯಾವುದನ್ನು ಕಳೆದರೂ ಉತ್ತರ ಒಂದೇ. ನಾವು ಮೊತ್ತ ಹೋಲಿಸಿ ಖುಷಿಪಟ್ಟಿದ್ದು ಸುಮ್ನೆ. ಆಮೇಲೆ ಟೆಸ್ಟ್ ಬರೆಯುವ ರೀತಿಯನ್ನೇ ಬದಲಿಸಿದೆವು. ನಕಲು ಮಾಡು, ನಕಲಿನಲ್ಲಿ ಏನಾದರೂ ಕೆಡಿಸು, ಮೂಲ ಅಲ್ಲಾಡಿತಾ ನೋಡು. ಮೂಲದಲ್ಲಿ ಕೆಡಿಸು, ನಕಲು ಅಲ್ಲಾಡಿತಾ ನೋಡು.

ರಿಪೇರಿ ಕಷ್ಟವೇನಿರಲಿಲ್ಲ. ನಕಲನ್ನು ಎರಡು ಸುತ್ತಿನಲ್ಲಿ ಮಾಡಿದೆವು. ಮೊದಲ ಸುತ್ತಿನಲ್ಲಿ ಎಲ್ಲ ಐಟಂಗಳ ನಕಲು ಮಾಡಿ, ಹಳೇ ನಂಬರಿಗೆ ಹೊಸ ನಂಬರ್ ಯಾವುದು ಅಂತ ಒಂದು ಪಟ್ಟಿ ಇಟ್ಟುಕೊಳ್ಳುವುದು. ಎರಡನೇ ಸುತ್ತಿನಲ್ಲಿ ಪ್ರತಿ ಲೆಕ್ಕದ ಒಳಗಿನ ಹಳೇ ನಂಬರನ್ನು ಪಟ್ಟಿ ನೋಡಿ ಬದಲಿಸುವುದು. ಒಂದೇ ಸುತ್ತಿನಲ್ಲಿ ಯಾಕಾಗಲ್ಲ ಅಂದರೆ, ಗೋಡೆಯ ಸರದಿ ಬಂದಾಗ ಬಾಗಿಲಿನ ನಕಲು ಇನ್ನೂ ಹುಟ್ಟಿರುವುದೇ ಇಲ್ಲ.

ಆದರೆ ಹೆದರಿದ್ದೆವಲ್ಲ, ಈ ಸಲ ಇನ್ನೊಂದು ತುದಿಗೆ ಹೋದೆವು. ಕಂಡಿದ್ದನ್ನೆಲ್ಲ ನಕಲು ಮಾಡಿಬಿಟ್ಟೆವು, ಸಿಮೆಂಟ್ ರೇಟ್ ಕೂಡ. ಹತ್ತು ಮಹಡಿ ಮಾಡಿದವರ ಫೈಲಿನಲ್ಲಿ ಹತ್ತು ಸಿಮೆಂಟ್ ರೇಟ್. ರೇಟ್ ಏರಿದಾಗ ಹತ್ತು ಕಡೆ ತಿದ್ದಬೇಕು, ಒಂದು ಕಡೆ ಮರೆತರೆ ಕೊಟೇಶನ್ನೇ ತಪ್ಪು. ಬೈಸಿಕೊಂಡೆವು. ಬೈಸಿಕೊಳ್ಳಬೇಕಾದ್ದೇ. ಅಳತೆ ಬೇರೆಯಾಗಬೇಕು, ರೇಟ್ ಒಂದೇ ಇರಬೇಕು ಅನ್ನೋದು ಬಾಯಿಬಿಟ್ಟು ಹೇಳಬೇಕಾದ ವಿಷಯ ಅಂತಲೇ ಬಳಸುವವರಿಗೆ ಅನ್ನಿಸಿರಲಿಲ್ಲ.

ಇವೆರಡಕ್ಕೂ ಸೇರದ ಮೂರನೇ ಬಗೆ ಒಂದಿತ್ತು. ಮಹಡಿಯ ಎತ್ತರ. ಇಡೀ ಮಹಡಿ ನಕಲು ಮಾಡಿದರೆ ಎತ್ತರವೂ ಜೊತೆಗೆ ಬರಬೇಕು. ಬರೀ ಒಂದು ಗೋಡೆ ಎತ್ತಿಕೊಂಡು ಬೇರೆ ಮಹಡಿಗೆ ಹಾಕಿದರೆ, ಅದು ಹೋದ ಮಹಡಿಯ ಎತ್ತರವನ್ನೇ ತೆಗೆದುಕೊಳ್ಳಬೇಕು. ಹೋದೂರಿನ ನೀರು ಕುಡಿದ ಹಾಗೆ. ಇದು ಅರ್ಥ ಆಗಲು ನಮಗೆ ವಾರಗಟ್ಟಲೆ ಜಗಳ ಬೇಕಾಯಿತು.

ಇಷ್ಟರಲ್ಲಿ ನಾನೊಂದು ಡಬ್ಬಿ ಡಿಸೈನ್ ಮಾಡಿದ್ದೆ. ಡೂಪ್ಲಿಕೇಟ್ ಒತ್ತಿದ ಕೂಡಲೇ ಸ್ಕ್ರೀನ್ ಮೇಲೆ ಎದ್ದು ಬರುತ್ತಿತ್ತು. ಅದರಲ್ಲಿ ಎಂಟು ಚೆಕ್‌ಬಾಕ್ಸ್: ರೇಟ್ ಬೇಕಾ, ಟಿಪ್ಪಣಿ ಬೇಕಾ, ವೇಸ್ಟೇಜ್ ಶೇಕಡಾ ಬೇಕಾ, ಹೀಗೆ. ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತೆ. ನಮಗೆ ತೀರ್ಮಾನ ಮಾಡಲು ಆಗದ್ದನ್ನೆಲ್ಲ ಬಳಸುವವರ ತಲೆಗೆ ಕಟ್ಟಿದ್ದೆ.

ಅದನ್ನು ತೋರಿಸೋಣ ಅಂತ ಒಬ್ಬ ಹಿರಿಯ ಎಸ್ಟಿಮೇಟರ್ ಮೇಡಂ ಪಕ್ಕ ಹೋಗಿ ಕೂತೆ. ಅವರು ಒಂದೂ ಚೆಕ್‌ಬಾಕ್ಸ್ ಓದಲಿಲ್ಲ. ಸೀದಾ ಓಕೆ ಒತ್ತಿದರು. ಆಮೇಲೆ ಮಾಡಿದ್ದು ನೋಡುವ ಹಾಗಿತ್ತು. ಮೊದಲು ಪಾಯ ಅಗೆಯುವ ಕೆಲಸ, ಪಾಯದ ಕಾಂಕ್ರೀಟ್ ಎರಡನ್ನೂ ಅಳಿಸಿದರು. ಮೇಲಿನ ಮಹಡಿಗೆ ಎಲ್ಲಿಯ ಪಾಯ? ನಂತರ ಪಿಲ್ಲರ್ ಅಳತೆ ನೋಡಿದರು, ಮೇಲೆ ಹೋದ ಹಾಗೆ ಭಾರ ಕಡಿಮೆ, ಪಿಲ್ಲರ್ ಸಣ್ಣ ಆಗಿರಬಹುದು ಅಂತ. ಸಾಮಾನು ಮೇಲಕ್ಕೆ ಸಾಗಿಸುವ ಕೂಲಿ ಜಾಸ್ತಿ ಮಾಡಿದರು. ಕೈಯಿಂದ ತಿದ್ದಿದ್ದ ಒಂದು ರೇಟಿನ ಮೇಲೆ ಮೌಸ್ ನಿಲ್ಲಿಸಿ, 'ಇದು ಆ ಲೋಡಿಗೆ ಮಾತ್ರ ಕೊಟ್ಟ ರೇಟು, ಇದ್ಯಾಕೆ ಇಲ್ಲಿಗೆ ಬಂತು?' ಅಂದರು.

ನಾನು ಪುಸ್ತಕ ತೆಗೆದು ಬರೆದುಕೊಂಡೆ. ನಕಲಿಗೆ ಮುಂಚೆ ಏನು ಬೇಕು ಅಂತ ಅಷ್ಟು ದಿನ ಕೇಳುತ್ತಿದ್ದೆ, ನಕಲು ಮಾಡಿದ ಮೇಲೆ ಅವರ ಕೈ ಎಲ್ಲಿಗೆ ಹೋಗುತ್ತೆ ಅಂತ ನೋಡಿರಲೇ ಇಲ್ಲ. ಡಬ್ಬಿ ಕಿತ್ತು ಹಾಕಿದೆವು. ಈಗ ಒತ್ತಿದ ಕೂಡಲೇ ನಕಲು ಆಗುತ್ತೆ, ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಬರುತ್ತೆ: ನೆಲಮಹಡಿಗೆ ಮಾತ್ರ ಸೇರಿದ ಐಟಂ ಇಷ್ಟು, ಕೈಯಿಂದ ತಿದ್ದಿದ ರೇಟ್ ಇಷ್ಟು. ನೋಡಿದರೆ ನೋಡಿ, ಬಿಟ್ಟರೆ ಬಿಡಿ. ತಿದ್ದಿದ ರೇಟ್ ಅದೇ ಪ್ರಾಜೆಕ್ಟಿನೊಳಗೆ ಜೊತೆಗೆ ಬರುತ್ತೆ, ಆದರೆ ಮುಂದೆ ಒಂದು ಚುಕ್ಕೆ ಇರುತ್ತೆ. ಬೇರೆ ಪ್ರಾಜೆಕ್ಟಿಗೆ ಹಾಕಿದರೆ ಬರುವುದಿಲ್ಲ, ಅಲ್ಲಿನ ರೇಟ್ ಹಿಡಿಯುತ್ತೆ.

ಚಿಲ್ಲರೆ ಕೆಲಸಗಳೂ ಇದ್ದವು. 'ಗೋಡೆ ನಕಲು ನಕಲು ನಕಲು' ಅನ್ನುವ ಹೆಸರು ಹೋಗಿ 'ಗೋಡೆ 4' ಬಂತು. ಮುನ್ನೂರು ಐಟಂ ನಕಲಾಗಿದ್ದರೂ, ಮಾಡಿದ್ದನ್ನು ರದ್ದು ಮಾಡುವ ಅಂಡೂ ಒಂದೇ ಸಲ ಒತ್ತಿದರೆ ಎಲ್ಲ ಹಿಂದೆ ಹೋಗಬೇಕು. ಮೊದಲು ಐಟಂ ಐಟಂ ಆಗಿ ಹೋಗುತ್ತಿತ್ತು, ಪಾಪ.

ಒಂದು ಮಾತ್ರ ಕೊನೇವರೆಗೂ ಬಗೆಹರಿದಿರಲಿಲ್ಲ. ಒಂದು ಕೋಣೆಯನ್ನು ನಕಲು ಮಾಡಿ ಅದರ ಪಕ್ಕಕ್ಕೇ ಅಂಟಿಸಿದರೆ, ನಡುವಿನ ಗೋಡೆ ಎರಡು ಸಲ ಲೆಕ್ಕಕ್ಕೆ ಬರುತ್ತೆ. ನಿಜವಾಗಿ ಇರುವುದು ಒಂದೇ ಗೋಡೆ ಅಲ್ವಾ? ಸಾಫ್ಟ್‌ವೇರ್ ತಾನಾಗಿಯೇ ಒಂದನ್ನು ತೆಗೆಯಲಿ ಅಂತ ನಾನು ವಾದ ಮಾಡುತ್ತಿದ್ದೆ. ಮೇಡಂ ಬೇಡ ಅಂದರು. ಅವರ ಒಂದು ಕೆಲಸದಲ್ಲಿ ಎರಡು ಮನೆಗಳ ಮಧ್ಯೆ ನಿಜಕ್ಕೂ ಎರಡು ಗೋಡೆ ಇತ್ತಂತೆ, ನಡುವೆ ಸಂದು ಬಿಟ್ಟು. 'ಅಳಿಸೋದು ನಾನು ಅಳಿಸ್ಕೊಳ್ತೀನಿ. ನೀವು ಕೆಂಪು ಮಾಡಿ ತೋರ್ಸಿ ಸಾಕು.'

ಈಗ ಕೆಂಪು ಮಾಡಿ ತೋರಿಸುತ್ತೆ.