ಡ್ರಾಯಿಂಗ್ ಪಿರಿಯಡ್‌ನಲ್ಲಿ ಸಿಕ್ಕ ರಝಾ

ಚಿತ್ರಕಾರ ಸಯ್ಯದ್ ಹೈದರ್ ರಝಾ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಶಿರಸಿಯ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಪಿರಿಯಡ್‌ನಲ್ಲಿ. ಮಾಸ್ತರು ನಮ್ಮನ್ನು ಲೋಯರ್ ಗ್ರೇಡ್ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಮಳೆಗಾಲದಲ್ಲಿ ಕರೆಂಟ್ ಹೋಗಿ ಹಾಳೆಯೇ ಕಾಣದಷ್ಟು ಕತ್ತಲಾದರೆ ಪೆನ್ಸಿಲ್ ಕೆಳಗಿಡಿಸಿ ಕಲಾವಿದರ ಕಥೆ ಶುರು ಮಾಡುತ್ತಿದ್ದರು. ಅವರು ಪ್ಯಾರಿಸ್ಸಿಗೆ ಹೋದವರಲ್ಲ. ಆದರೂ ಅಲ್ಲಿನ ಬೀದಿಯಲ್ಲಿ ಓಡಾಡಿ ಬಂದವರ ಹಾಗೆ ಹೇಳುತ್ತಿದ್ದರು.

ರಝಾ ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾದಲ್ಲಿ. ತಂದೆ ಅರಣ್ಯ ಇಲಾಖೆಯಲ್ಲಿ ರೇಂಜರ್. ಕಾಡಿನ ನಡುವೆ ಬೆಳೆದ ಹುಡುಗ ಅಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ, ಅಲ್ವಾ? ಕಕೈಯಾ ಎಂಬ ಊರಿನ ಶಾಲೆಯಲ್ಲಿ ಅವನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲವಂತೆ. ಅಲ್ಲಿನ ಮಾಸ್ತರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಇದನ್ನೇ ನೋಡುತ್ತಾ ಕೂತುಕೋ ಎಂದರು. ಎಷ್ಟೋ ವರ್ಷಗಳ ಮೇಲೆ, ಫ್ರಾನ್ಸಿನಲ್ಲಿ ಹೆಸರು ಮಾಡಿದ ಮೇಲೆ, ಆ ಚುಕ್ಕಿಯೇ ದೊಡ್ಡ ಕಪ್ಪು ವೃತ್ತವಾಗಿ ಅವರ ಕ್ಯಾನ್ವಾಸಿಗೆ ಬಂತು. ಅದೇ ಅವರ ಪ್ರಸಿದ್ಧ ‘ಬಿಂದು’. ನಮ್ಮ ಮಾಸ್ತರು ಈ ಭಾಗವನ್ನು ನಿಧಾನವಾಗಿ, ಸಂತೋಷದಿಂದ ಹೇಳುತ್ತಿದ್ದರು. ಒಬ್ಬ ಹಳ್ಳಿ ಶಿಕ್ಷಕ ಇಟ್ಟ ಚುಕ್ಕಿ ಅಲ್ಲಿಯವರೆಗೆ ಹೋಯಿತು ಎಂಬುದು ಅವರಿಗೆ ದೊಡ್ಡ ವಿಷಯ. ಈಗ ನನಗೂ ಹೌದು.

ನಾಗಪುರದಲ್ಲಿ, ಆಮೇಲೆ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. 1947ರಲ್ಲಿ ಗೋವಾದ ಸೋಜಾ, ಹುಸೇನ್, ಆರಾ ಮುಂತಾದವರ ಜೊತೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಚಿತ್ರಕಾರರ ಬಳಗ ಕಟ್ಟಿದರು. ದೇಶ ಎರಡಾದಾಗ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರು. ರಝಾ ಇಲ್ಲೇ ಉಳಿದರು. 1950ರಲ್ಲಿ ಫ್ರಾನ್ಸ್ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಪ್ಯಾರಿಸ್ಸಿಗೆ ಹೋದವರು ಸುಮಾರು ಅರವತ್ತು ವರ್ಷ ಅಲ್ಲೇ ಇದ್ದರು. ಆದರೆ ಭಾರತದ ಪೌರತ್ವವನ್ನು ಮಾತ್ರ ಬಿಡಲಿಲ್ಲ.

ಹೊರಡುವ ಮೊದಲು ಕಾಶ್ಮೀರದಲ್ಲಿ ಅವರಿಗೆ ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸೋ ಸಿಕ್ಕಿದ್ದರು. ಚಿತ್ರ ನೋಡಿ, ಕೈ ಚೆನ್ನಾಗಿದೆ, ಆದರೆ ಚಿತ್ರದ ಕಟ್ಟು ಸಾಲದು, ಫ್ರೆಂಚ್ ಚಿತ್ರಕಾರ ಸೆಜಾನ್‌ನ ಚಿತ್ರಗಳನ್ನು ಅಭ್ಯಾಸ ಮಾಡು ಎಂಬರ್ಥದ ಮಾತು ಹೇಳಿದರು. ನನ್ನ ಮಟ್ಟಿಗೆ ರಝಾರ ಕಥೆಯ ತಿರುವು ಇದೇ. ಪೂರ್ವ ಪಶ್ಚಿಮಗಳನ್ನು ಬೆರೆಸಿದರು ಎಂದು ಎಲ್ಲರೂ ಬರೆಯುತ್ತಾರೆ. ಸುಮ್ನೆ ಎರಡು ಬಣ್ಣ ಕಲಸಿದಂತೆ ಆದ ಕೆಲಸ ಅದಲ್ಲ. ಚಿತ್ರವನ್ನು ನಿಲ್ಲಿಸುವುದು ಹೇಗೆ, ಒಂದು ಬಣ್ಣದ ಭಾರವನ್ನು ಇನ್ನೊಂದು ಹೇಗೆ ಹೊರುತ್ತದೆ ಎಂಬುದನ್ನು ಅವರು ಅಲ್ಲಿ ಕಲಿತರು. ಮೊದಮೊದಲು ಫ್ರಾನ್ಸಿನ ಹಳ್ಳಿಗಳನ್ನು, ಚರ್ಚುಗಳನ್ನೇ ಬರೆದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದ ದಾರಿಯಲ್ಲೇ ಹಾಯಾಗಿ ಮುಂದುವರಿಯಬಹುದಿತ್ತು. ಅವರು ನಿಲ್ಲಲಿಲ್ಲ. ಎಣ್ಣೆಬಣ್ಣ ಬಿಟ್ಟು ಅಕ್ರಿಲಿಕ್ ಹಿಡಿದರು. ರಜಪೂತ ಶೈಲಿಯ ಪುಟ್ಟ ಮಿನಿಯೇಚರ್ ಚಿತ್ರಗಳ ಉರಿಯುವ ಕೆಂಪು, ಹಳದಿ, ಸುತ್ತ ಅಂಚು ಕಟ್ಟಿ ಚೌಕ ಚೌಕ ಮಾಡುವ ಕ್ರಮ, ಎಲ್ಲವೂ ವಾಪಸ್ ಬಂದವು. ಈ ಸಲ ಅದರ ಕೆಳಗೆ ಸೆಜಾನ್‌ನಿಂದ ಕಲಿತ ಗಟ್ಟಿ ಕಟ್ಟು ಇತ್ತು.

ಬಣ್ಣ ಚಿತ್ರವನ್ನು ಹೇಗೆ ನಿಲ್ಲಿಸುತ್ತದೆ ಎಂಬುದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮೂರಿನ ಮಾರಿಗುಡಿಯಿಂದ. ಒಂದು ಶನಿವಾರ ಮಾಸ್ತರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಗೋಡೆಯ ಕಾವಿ ಚಿತ್ರಗಳ ಮುಂದೆ ನಿಲ್ಲಿಸಿದರು. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿಯುತ್ತಾರೆ. ಹಸಿ ಇರುವಾಗಲೇ ಮೊನಚು ಉಳಿಯಿಂದ ಆ ಕೆಂಪನ್ನು ಕೆರೆದು ತೆಗೆಯುತ್ತಾರೆ. ಅಡಿಯ ಬಿಳಿ ಹೊರಗೆ ಬಂದು ಚಿತ್ರವಾಗುತ್ತದೆ. ಎರಡೇ ಬಣ್ಣ. “ದೇವರನ್ನು ಆಮೇಲೆ ನೋಡು ತಮಾ, ಮೊದಲು ಕೆಂಪು ಎಲ್ಲಿ ನಿಂತಿದೆ ನೋಡು” ಅಂದಿದ್ದರು. ಆವತ್ತಿನಿಂದ ಚಿತ್ರ ನೋಡುವ ನನ್ನ ರೀತಿಯೇ ಬೇರೆಯಾಯಿತು.

ಮುಂದೆ ನೌಕರಿಗೆಂದು ಊರು ಬಿಟ್ಟೆ. ದಿಲ್ಲಿಯಲ್ಲಿ ರಝಾರ ಕ್ಯಾನ್ವಾಸಿನ ಎದುರು ನಿಂತಾಗ ನಾನು ಹುಡುಕಿದ್ದೂ ಅದನ್ನೇ, ಕೆಂಪು ಎಲ್ಲಿ ನಿಂತಿದೆ ಎಂದು. ಅವರ ಕೊನೆಯ ವರ್ಷಗಳ ಬಿಂದು ಚಿತ್ರಗಳು ನನಗೆ ಅಷ್ಟು ಹಿಡಿಸುವುದಿಲ್ಲ. ತುಂಬಾ ಅಚ್ಚುಕಟ್ಟು, ಒಂದರಂತೆ ಇನ್ನೊಂದು. 1970ರ ದಶಕದ ‘ತಪೋವನ’, ‘ರಾಜಸ್ಥಾನ’ದಂಥ ಚಿತ್ರಗಳೇ ನನಗೆ ಜಾಸ್ತಿ ಇಷ್ಟ. ಅಲ್ಲಿ ಕುಂಚ ಇನ್ನೂ ಓಡುತ್ತಿರುತ್ತದೆ, ಕಾಡಿನ ರಾತ್ರಿಯ ಹೆದರಿಕೆಯೂ ಇರುತ್ತದೆ. ‘ಸೌರಾಷ್ಟ್ರ’ ಎಂಬ ಚಿತ್ರ 2010ರಲ್ಲಿ ಹದಿನಾರು ಕೋಟಿಗೂ ಹೆಚ್ಚು ಬೆಲೆಗೆ ಹೋದಾಗ ಪೇಪರಿನವರೆಲ್ಲ ಬರೆದರು. ಆದರೆ 1981ರ ‘ಮಾ’ ಚಿತ್ರದ ಮೇಲೆ ಅವರು ಹಿಂದಿಯಲ್ಲಿ ಬರೆದ ಒಂದು ಸಾಲಿದೆ: ಅಮ್ಮಾ, ಮರಳಿ ಬರುವಾಗ ಏನು ತರಲಿ ಎಂದು. ಹಿಂದಿ ಕವಿ ಅಶೋಕ್ ವಾಜಪೇಯಿ ಅವರ ಕವಿತೆಯ ಸಾಲು ಅದು. ದೂರದ ಊರಲ್ಲಿ ದುಡಿಯುವ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಝಾ 2010ರ ಕೊನೆಗೆ ಭಾರತಕ್ಕೆ ಮರಳಿದರು, 2016ರ ಜುಲೈಯಲ್ಲಿ ದಿಲ್ಲಿಯಲ್ಲಿ ತೀರಿಕೊಂಡರು. ಅವರ ಇಷ್ಟದಂತೆ ಮಂಡ್ಲಾದಲ್ಲಿ, ತಂದೆಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು.

ಅವರ ಚಿತ್ರಗಳಿರುವ ಒಂದು ದೊಡ್ಡ ಪುಸ್ತಕವನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಮಾಸ್ತರ ಹೆಸರಿನಲ್ಲಿ ಕೊಟ್ಟಿದ್ದೇನೆ. ಈಗಿನ ಮಕ್ಕಳು ದಯವಿಟ್ಟು ಅದನ್ನು ಕಪಾಟಿನಿಂದ ಹೊರಗೆ ತೆಗೆಸಿ. ಮೊದಲು ಫ್ರಾನ್ಸಿನ ಹಳ್ಳಿಗಳ ಚಿತ್ರ ನೋಡಿ, ಆಮೇಲೆ ‘ತಪೋವನ’ಕ್ಕೆ ಬನ್ನಿ. ಅರ್ಥ ಹುಡುಕುವ ಅವಸರ ಬೇಡ. ಬಿಡುವಾದಾಗ ಮಾರಿಗುಡಿಯ ಗೋಡೆಯನ್ನೂ ಒಮ್ಮೆ ನೋಡಿ ಬನ್ನಿ.